ಎಲ್ಲಾ ಒಂದೇ ಹಸಿರು

"ಸಂಜೆ ನಾನು ಬರೋಷ್ಟರಲ್ಲಿ ಅದನ್ನ ಎಲ್ಲಾ ಒಂದೇ ಹಸಿರು ಮಾಡಿಬಿಡಿ" ಎಂದು ಹೆಂಡತಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದಳು. ಹಾಲು ತಂದಿಡಿ ಅನ್ನುವಷ್ಟು ಹಗುರವಾದ ಮಾತು. ಉಶ್ಶಪ್ಪನೂ ಅಷ್ಟೇ ಹಗುರವಾಗಿ "ಹೂಂ" ಅಂದ. ಬಾಗಿಲು ಮುಚ್ಚಿಕೊಂಡಿತು. ಅವನು ಗೋಡೆಗೆ ಒರಗಿ ನಿಂತುಬಿಟ್ಟ.

ಅವಳು 'ಅದು' ಎಂದದ್ದು ಅವನ ಕಂಪ್ಯೂಟರನ್ನು. ಉಶ್ಶಪ್ಪ ಮನೆಯಲ್ಲೇ ಕೂತು ಬೇರೆಯವರ ಧ್ವನಿಮುದ್ರಣಗಳನ್ನು ಶುದ್ಧಮಾಡುವವನು. ಭಾಷಣದಿಂದ ಕೆಮ್ಮು, ಸಂದರ್ಶನದಿಂದ ಕುರ್ಚಿಯ ನರಳಾಟ, ಪುಸ್ತಕ ಓದಿದ ದನಿಯ ನಡುವಿನಿಂದ ಹಾಳೆ ಮಗುಚುವ ಸದ್ದು, ಇವನ್ನೆಲ್ಲ ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆರಿಸಿ ತೆಗೆಯುವುದು ಅವನ ಹೊಟ್ಟೆಪಾಡು. ಮೆಟ್ಟಿಲ ಮೇಲೆ ಯಾರು ಗಟ್ಟಿಯಾಗಿ ಮಾತಾಡಿದರೂ ಬಾಗಿಲು ತೆರೆದು "ಉಶ್" ಎನ್ನುತ್ತಿದ್ದುದರಿಂದ ಇಡೀ ಕಟ್ಟಡ ಸೇರಿ ಆ ಹೆಸರಿಟ್ಟಿತ್ತು. ಮಾಮೂಲಿ ಕಂಪ್ಯೂಟರುಗಳ ಗೊರಕೆ ಅವನ ಕಿವಿಗೆ ಆಗಿಬರುತ್ತಿರಲಿಲ್ಲ. ಅದಕ್ಕೇ ನೀರಿನಿಂದ ತಂಪಾಗುವಂಥದೊಂದನ್ನು ತಾನೇ ಜೋಡಿಸಿಕೊಂಡಿದ್ದ. ಗಾಜಿನ ಪೆಟ್ಟಿಗೆ, ಒಳಗೆ ಬಳಸಿಕೊಂಡು ಹೋಗುವ ಕೊಳವೆ, ನೀರು ತಳ್ಳಲು ಅಂಗೈಯಗಲದ ಪಂಪು, ನಿದ್ದೆಯಲ್ಲಿ ನಡೆದವರಂತೆ ಮೆಲ್ಲಗೆ ತಿರುಗುವ ಫ್ಯಾನುಗಳು.

ಒಂದೊಂದು ಭಾಗವನ್ನೂ ಒಬ್ಬೊಬ್ಬರಿಂದ ಹಳೆಯದಾಗಿ ಕೊಂಡದ್ದು. ಅವನಿಗೆ ಬೇಕಿದ್ದದ್ದು ಮೌನ. ಜೊತೆಯಲ್ಲಿ ಕರೆಯದ ನೆಂಟರ ಹಾಗೆ ದೀಪಗಳೂ ಬಂದವು. ಫ್ಯಾನಿಗೆ ದೀಪ, ಪಂಪಿಗೆ ದೀಪ, ಮೆಮೊರಿ ಪಟ್ಟಿಗಳಿಗೂ ದೀಪ. ಒಂದೊಂದೂ ಒಂದೊಂದು ಕಂಪನಿಯದು, ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಅಧ್ಯಕ್ಷರಿಲ್ಲದ ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದಂತೆ ಅವೆಲ್ಲ ತಮಗೆ ತೋಚಿದ ಬಣ್ಣ ಉರಿಸಿಕೊಂಡಿದ್ದವು.

ಹೆಂಡತಿ ಬಣ್ಣದಂಗಡಿಯಲ್ಲಿ ಬಣ್ಣ ಬೆರೆಸುವವಳು. ಗಿರಾಕಿಯೊಬ್ಬ ಒಡೆದ ಟೀ ಕಪ್ಪಿನ ಚೂರು ತಂದು "ಗೋಡೆಗೆ ಇದೇ ಬಣ್ಣ ಬೇಕು" ಅಂದರೆ, ಡಬ್ಬಕ್ಕೆ ಇದೊಂದು ತೊಟ್ಟು ಅದರ್ಧ ತೊಟ್ಟು ಬಿಟ್ಟು, ಕಪ್ಪೇ ಕರಗಿ ಡಬ್ಬಕ್ಕೆ ಬಿತ್ತೇನೋ ಅನ್ನುವ ಹಾಗೆ ಮಾಡಿಕೊಡುತ್ತಿದ್ದಳು. ಬಣ್ಣದ ಕಂಪನಿಯವರಿಗೆ ಅವಳ ಕೈಗುಣ ಕಿವಿಗೆ ಬಿದ್ದಿತ್ತು. ಇವತ್ತು ಸಂಜೆ ಮನೆಯಿಂದಲೇ ಕ್ಯಾಮೆರಾ ಮುಂದೆ ಕೂತು ಒಂದು ಪಾಠ ಮಾಡಿತೋರಿಸಿ ಎಂದಿದ್ದರು. 'ಚಿಕ್ಕ ಮನೆಗೆ ಹಸಿರು' ಎಂಬ ವಿಷಯ. ಹಿಡಿಸಿದರೆ ಅವಳಿಗೆ ಬೇರೆ ಅಂಗಡಿಯವರಿಗೆ ಕಲಿಸುವ ಕೆಲಸ, ಕೂತು ಮಾಡುವ ಕೆಲಸ. ಕೌಂಟರಿನಲ್ಲಿ ದಿನವಿಡೀ ನಿಂತು ಬಂದವಳ ಕಾಲನ್ನು ಪ್ರತಿ ಸಂಜೆ ಒತ್ತುವವನು ಉಶ್ಶಪ್ಪನೇ ಆದ್ದರಿಂದ ಆ ಪಾಠದ ಬೆಲೆ ಅವನ ಹೆಬ್ಬೆರಳುಗಳಿಗೆ ಚೆನ್ನಾಗಿ ಗೊತ್ತಿತ್ತು.

ಕ್ಯಾಮೆರಾ ಇಡಲು ಮನೆಯಲ್ಲಿ ಜಾಗವಿದ್ದದ್ದು ಒಂದೇ ಕಡೆ. ಅಲ್ಲಿಟ್ಟರೆ ಅವಳ ಬೆನ್ನ ಹಿಂದೆ ಗಾಜಿನ ಪೆಟ್ಟಿಗೆ ಕಾಣಲೇಬೇಕು. ಹಿಂದಿನ ದಿನವೇ ಅವನು "ದೀಪ ಆರಿಸಿಬಿಡಲಾ?" ಎಂದು ಕೇಳಿದ್ದ.

"ಪಾಪ, ಇರಲಿ ಬಿಡಿ. ಎಲ್ಲಾ ಒಂದೇ ಹಸಿರಾದ್ರೆ ಹಿಂದುಗಡೆ ಗಿಡ ಇಟ್ಟ ಹಾಗೆ ಕಾಣುತ್ತೆ. ಈಗಿರೋ ಥರ ಇದ್ರೆ ಮಾತ್ರ ನನ್ನ ಮುಖ ಯಾರೂ ನೋಡಲ್ಲ" ಎಂದಿದ್ದಳು.

ಆರಿಸಲು ಬರುತ್ತಲೂ ಇರಲಿಲ್ಲ ಅನ್ನುವುದು ಬೇರೆ ಮಾತು. ದೀಪಗಳನ್ನು ಆಳುವ ಪ್ರೋಗ್ರಾಮು ಮುಚ್ಚಿದರೆ ಸಾಕು, ಯಜಮಾನ ಮನೆಯಲ್ಲಿಲ್ಲ ಎಂದು ಗೊತ್ತಾದವರಂತೆ ಅವು ಕಾಮನಬಿಲ್ಲಿನ ಏಳೂ ಬಣ್ಣಗಳಲ್ಲಿ ಕುಣಿಯಲು ಹತ್ತುತ್ತಿದ್ದವು.

ಇಷ್ಟಕ್ಕೆ ಗೋಡೆಗೆ ಒರಗುವಂಥದ್ದೇನು? ಉಶ್ಶಪ್ಪನಿಗೆ ಕೆಂಪೂ ಹಸಿರೂ ಒಂದೇ. ಹುಟ್ಟಿನಿಂದಲೇ. ನೀಲಿ ತಿಳಿಯುತ್ತಿತ್ತು, ಬಿಳಿ ತಿಳಿಯುತ್ತಿತ್ತು. ಇವೆರಡು ಮಾತ್ರ ಅವನ ಕಣ್ಣಿಗೆ ಹಳೆಯ ರಟ್ಟಿನ ಹಾಗೆ ಕಾಣುತ್ತಿದ್ದವು. ಇದನ್ನು ಅವನು ಹೆಂಡತಿಗೆ ಹೇಳಿರಲಿಲ್ಲ. ಮದುವೆಗೆ ಮುಂಚೆ ಹೇಳಲೆಂದೇ ಹೋಗಿದ್ದ. ಆದರೆ ಅವತ್ತು ಅವಳು ಕಿಟಕಿಯಾಚೆಯ ಮರ ತೋರಿಸಿ, "ಆ ಚಿಗುರಿದೆಯಲ್ಲ, ಆ ಬಣ್ಣಾನ ನನ್ನ ಕೈಲಿ ಇವತ್ತಿಗೂ ಬೆರೆಸೋಕಾಗಿಲ್ಲ" ಅಂದಳು. ಅದನ್ನು ಹೇಳುವಾಗ ಅವಳ ಮುಖ ಹೇಗಾಯಿತೆಂದರೆ, ಅವನು "ಹೌದು, ಎಂಥಾ ಬಣ್ಣ" ಅಂದುಬಿಟ್ಟ. ಬಾಯಿಂದ ಹೋದ ಮಾತು. ಮದುವೆಯಾಗಿ ವರ್ಷ ಕಳೆಯಿತು. ಊರಿನವರ ಕಪ್ಪಿನ ಚೂರು ಗುರುತಿಸುವವಳಿಗೆ ಮನೆಯೊಳಗಿನದು ಕಾಣಲಿಲ್ಲ; ದೀಪದ ಬುಡದಲ್ಲಿ ಯಾವಾಗಲೂ ಕತ್ತಲೆಯಷ್ಟೆ. ಗೊತ್ತಾದರೆ ಅವಳು ಬೈಯುತ್ತಾಳೆ ಎಂಬ ಹೆದರಿಕೆ ಅವನಿಗಿರಲಿಲ್ಲ. ಗೊತ್ತಾದ ಮೇಲೆ ಇನ್ನು ಯಾವ ಚಿಗುರನ್ನೂ ತನಗೆ ತೋರಿಸುವುದಿಲ್ಲ ಎಂಬ ಹೆದರಿಕೆ ಇತ್ತು.

ಆದರೂ ಅವನು ಧೈರ್ಯ ತಂದುಕೊಂಡ. ಕಣ್ಣಿಗೆ ಕಾಣದಿದ್ದರೇನು, ಬಣ್ಣಕ್ಕೂ ಅಂಕಿ ಇದೆ. ಕೆಂಪು ಸೊನ್ನೆ, ಹಸಿರು ಪೂರ್ತಿ, ನೀಲಿ ಸೊನ್ನೆ ಎಂದು ಒತ್ತಿದರೆ ಮುಗಿಯಿತು.

ಮುಗಿಯಲಿಲ್ಲ. ಫ್ಯಾನುಗಳನ್ನು ಆಳುವ ಪ್ರೋಗ್ರಾಮು ಒಂದು, ಪಂಪನ್ನು ಆಳುವುದು ಇನ್ನೊಂದು, ಮೆಮೊರಿ ಪಟ್ಟಿಗಳದು ಮತ್ತೊಂದು. ಒಂದನ್ನು ತೆರೆದರೆ ಇನ್ನೊಂದು ಮುನಿಸಿಕೊಂಡು ಮುಚ್ಚಿಕೊಳ್ಳುತ್ತಿತ್ತು. ಮೂವರು ಸೊಸೆಯರ ಅಡುಗೆಮನೆಯ ಹಾಗೆ: ಒಬ್ಬಳು ಹಚ್ಚಿದ ಒಲೆಯನ್ನು ಇನ್ನೊಬ್ಬಳು ಆರಿಸುವುದು, ಮೂರನೆಯವಳು ಬಂದು ಬೆಂಕಿಯೇ ಇಲ್ಲವಲ್ಲ ಎನ್ನುವುದು. ಒಮ್ಮೆ ಪಂಪಿನ ದೀಪ ಬದಲಿಸಲು ಹೋಗಿ ಪಂಪೇ ನಿಂತಿತು. ಬೇರೆ ಯಾರಿಗೂ ಅದು ತಿಳಿಯುತ್ತಿರಲಿಲ್ಲ. ಉಶ್ಶಪ್ಪನಿಗೆ ಮನೆಯಲ್ಲಿ ಯಾರೋ ಉಸಿರು ಬಿಗಿಹಿಡಿದಂತೆ ಕೇಳಿಸಿ, ಕುರ್ಚಿಯಿಂದ ಜಿಗಿದು ಅದನ್ನು ಮತ್ತೆ ಓಡಿಸಿದ.

ಕೊನೆಗೆ ಯಾರೋ ಪುಣ್ಯಾತ್ಮ ಬರೆದು ಪುಕ್ಕಟೆ ಬಿಟ್ಟಿದ್ದ ನಾಲ್ಕನೆಯ ಪ್ರೋಗ್ರಾಮು ಸಿಕ್ಕಿತು. ಅದು ಮೂವರ ಜುಟ್ಟನ್ನೂ ಒಟ್ಟಿಗೆ ಹಿಡಿಯುವಂಥದ್ದು. ಉಶ್ಶಪ್ಪ ಎಲ್ಲದಕ್ಕೂ ಹಸಿರಿನ ಅಂಕಿ ಕೊಟ್ಟ. ಕುಣಿತ ನಿಂತಿತು. ಪೆಟ್ಟಿಗೆಯೊಳಗೆ ಎಲ್ಲ ಒಂದೇ ರಟ್ಟಿನ ಬಣ್ಣವಾಗಿ, ಶಾಂತವಾಗಿ ಉರಿಯಿತು. ಅವನು ಕೈ ಕೊಡವಿಕೊಂಡು ಏಳುವಾಗ ಆ ಪುಣ್ಯಾತ್ಮ ಕೆಳಗೆ ಬರೆದಿದ್ದ ಎಚ್ಚರಿಕೆ ಕಣ್ಣಿಗೆ ಬಿತ್ತು. ಕೆಲವು ಹಳೆಯ ಭಾಗಗಳು ಅಂಕಿಗಳನ್ನು ಅದಲುಬದಲು ಮಾಡಿ ಓದುತ್ತವೆ, ಹಸಿರು ಕೇಳಿದರೆ ಕೆಂಪು ಉರಿಸುತ್ತವೆ, ಕಣ್ಣಲ್ಲಿ ನೋಡಿ ಸರಿಮಾಡಿಕೊಳ್ಳುವುದು.

ಕಣ್ಣಲ್ಲಿ ನೋಡುವುದು. ಉಶ್ಶಪ್ಪ ಮತ್ತೆ ಕೂತ. ಬಣ್ಣದ ಹೆಸರು ಹೇಳುವ ಒಂದು ಆ್ಯಪನ್ನು ಫೋನಿಗೆ ಹಾಕಿಕೊಂಡು ದೀಪಗಳ ಮುಂದೆ ಹಿಡಿದ. ದೀಪದ ಪ್ರಖರತೆಗೆ ಕಣ್ಣು ಕುಕ್ಕಿದ ಫೋನು ಎಲ್ಲದಕ್ಕೂ 'ಬಿಳಿ' ಎಂದಿತು. ಈಗ ಬೇಕಾದದ್ದು ಒಂದು ಜೊತೆ ಮನುಷ್ಯರ ಕಣ್ಣು. ಜೊತೆಗೆ ಅವು ಪ್ರಶ್ನೆ ಕೇಳಬಾರದು.

ಕಣ್ಣು ತಾನಾಗೇ ಬಂದು ಬಾಗಿಲು ತಟ್ಟಿತು. ಮೇಲಿನ ಮನೆಯ ಟೆಲಿಫೋನ್ ಆಂಟಿ. ಟೆಲಿಫೋನ್ ಕಚೇರಿಯಿಂದ ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ಇವರಿಂದ ಅವರಿಗೆ ಲೈನು ಸೇರಿಸುವ ಅಭ್ಯಾಸ ಬಿಟ್ಟಿರಲಿಲ್ಲ.

"ಏನಪ್ಪ, ಬಟ್ಟೆ ಒಣಗಿಸೋಕೆ ಹೋಗಿದ್ದೆ, ನಿಮ್ಮ ಕಿಟಕಿಯಲ್ಲಿ ಅಂಬುಲೆನ್ಸ್ ನಿಂತ ಹಾಗೆ ಕಾಣ್ತು. ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ ಆಂಟಿ. ಕಂಪ್ಯೂಟರ್ ದೀಪ. ಬನ್ನಿ, ಒಳಗೆ ಬಂದು ನೋಡಿ. ಹೇಗಿದೆ ಹೇಳಿ."

ಆಂಟಿ ಪೆಟ್ಟಿಗೆಯನ್ನು ಮೀನಿನ ತೊಟ್ಟಿ ನೋಡುವವರಂತೆ ಬಗ್ಗಿ ನೋಡಿದರು. "ಅರ್ಧ ಕೆಂಪು, ಅರ್ಧ ಹಸಿರು. ನಿಲ್ಲಬೇಕೋ ಹೋಗಬೇಕೋ ಗೊತ್ತಾಗಲ್ಲ."

"ಯಾವ ಅರ್ಧ ಆಂಟಿ?"

ಆಂಟಿ ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. "ಯಾಕೆ, ನಿನಗೆ ಕಾಣ್ಸಲ್ವಾ?"

ಉಶ್ಶಪ್ಪ ಥಟ್ಟನೆ ಕೈಯಾಡಿಸಿದ. "ಛೆ ಛೆ, ನನಗೆ ಕಾಣುತ್ತೆ. ನಿಮಗೆ ಕಾಣುತ್ತಾ ಅಂತ ಕೇಳ್ದೆ."

"ಓಹೋ. ಪರೀಕ್ಷೆ." ಆಂಟಿ ಸೊಂಟದ ಮೇಲೆ ಕೈಯಿಟ್ಟರು. "ಯಾರು ಹೇಳಿಕೊಟ್ಟಿದ್ದು, ನನ್ನ ಸೊಸೆನಾ?"

"ಅಯ್ಯೋ, ಇಲ್ಲ ಆಂಟಿ."

"ಅವಳೇ. ಕಣ್ಣಿನ ಆಪರೇಷನ್ ಆದಾಗಿಂದ ನೋಡ್ತಾ ಇದ್ದೀನಿ. ನನಗೆ ಸರಿಯಾಗಿ ಕಾಣ್ಸಲ್ಲ ಅಂತ ನಾಲ್ಕು ಜನರ ಬಾಯಲ್ಲಿ ಹೇಳಿಸಿ ಟೀವೀನ ತನ್ನ ರೂಮಿಗೆ ಎತ್ಕೊಂಡು ಹೋಗೋ ಪ್ಲಾನು. ಹೇಳು ಅವಳಿಗೆ, ನಿನ್ನ ಅಂಗಿ ಮಧ್ಯದ ಗುಂಡಿ ಬೇರೆ ಬಣ್ಣದ ದಾರದಲ್ಲಿ ಹೊಲಿದಿದೆ ಅನ್ನೋದೂ ಕಾಣುತ್ತೆ ನನಗೆ."

ಆ ಗುಂಡಿ ಹೊಲಿದವನು ಉಶ್ಶಪ್ಪನೇ. ಅವನು ಅದರ ಮೇಲೆ ಕೈಯಿಟ್ಟುಕೊಂಡು ನಿಂತ. ಯಾವ ಅರ್ಧ ಎಂಬುದನ್ನು ಹೇಳದೆಯೇ ಆಂಟಿ ಮೆಟ್ಟಿಲಿಳಿದು ಹೋದರು. ಮೆಟ್ಟಿಲು ಹತ್ತಬೇಕಾದವರು ಇಳಿದದ್ದು ಯಾಕೆಂದು ಸ್ವಲ್ಪ ಹೊತ್ತಿಗೆ ತಿಳಿಯಿತು. ಕೆಳಮನೆಯ ವೈರ್‌ಮನ್ ಟೆಸ್ಟರ್ ಹಿಡಿದು ಬಾಗಿಲಲ್ಲಿದ್ದ.

"ಆಂಟಿ ಹೇಳಿದ್ರು, ನಿಮ್ಮನೇಲಿ ಶಾರ್ಟ್ ಆಗಿ ಕೆಂಪಗೆ ಉರೀತಿದೆಯಂತೆ."

"ಉರೀತಿಲ್ಲ ಅಣ್ಣ. ದೀಪ ಅಷ್ಟೇ."

ಅಣ್ಣ ಅಷ್ಟರಲ್ಲಿ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಾಗಿತ್ತು. "ಏನ್ರೀ ಇದು ಒಳಗೆ ಹರೀತಿರೋದು?"

"ನೀರು."

"ನೀರು. ಕರೆಂಟಿರೋ ಪೆಟ್ಟಿಗೆಯೊಳಗೆ."

"ಹೂಂ. ತಂಪಾಗೋಕೆ."

ವೈರ್‌ಮನ್ ಟೆಸ್ಟರನ್ನು ಜೇಬಿಗೆ ಹಾಕಿಕೊಂಡ. "ನೋಡಿ, ನಾನು ಕೆಲಸ ಕಲಿತಾಗಿಂದ ಇವೆರಡೂ ಒಂದನ್ನೊಂದು ನೋಡದ ಹಾಗೆ ಕಾಯ್ಕೊಂಡು ಬಂದಿದ್ದೀನಿ. ನೀವು ಎರಡನ್ನೂ ಒಂದೇ ರೂಮಲ್ಲಿ ಕೂಡಿಹಾಕಿ ದೀಪ ಬೇರೆ ಹಾಕಿಸಿದ್ದೀರ."

ಉಶ್ಶಪ್ಪ ಗಂಟಲು ಸರಿಮಾಡಿಕೊಂಡ. ಆಂಟಿಯ ಹತ್ತಿರ ಮಾಡಿದ ತಪ್ಪು ಮತ್ತೆ ಮಾಡಬಾರದು. "ಅದಿರಲಿ ಅಣ್ಣ. ನಿಮಗೆ ಅನುಭವ ಜಾಸ್ತಿ. ಈ ದೀಪಗಳಲ್ಲಿ ಯಾವುದು ಸರಿಯಿಲ್ಲ ಅನ್ಸುತ್ತೆ?"

"ಯಾವುದೂ ಸರಿಯಿಲ್ಲ."

"ಅಂದ್ರೆ, ಒಂದೊಂದಾಗಿ ನೋಡಿದ್ರೆ?"

"ಒಂದೊಂದಾಗಿ ನೋಡಿದ್ರೂ ಸರಿಯಿಲ್ಲ, ಒಟ್ಟಿಗೆ ನೋಡಿದ್ರೂ ಸರಿಯಿಲ್ಲ. ಮೊದಲು ಇದನ್ನ ಆಫ್ ಮಾಡ್ಬೇಕು." ಹಾಗೆಂದವನೇ ಗೋಡೆಯ ಪ್ಲಗ್ಗನ್ನು ಹಲ್ಲು ಕಿತ್ತಂತೆ ಕಿತ್ತುಬಿಟ್ಟ. ಅಷ್ಟಕ್ಕೇ ಬಿಡದೆ, ನೀರಿನ ಕೊಳವೆ ಭದ್ರವಾಗಿದೆಯೋ ನೋಡೋಣವೆಂದು ಅದರ ತಿರುಪನ್ನು ಒಂದು ಸುತ್ತು ತಿರುಗಿಸಿದ, ತಪ್ಪು ದಿಕ್ಕಿಗೆ.

ತೊಟ್ಟು ಬಿದ್ದದ್ದು ಮೊದಲು ಕೇಳಿಸಿದ್ದು ಉಶ್ಶಪ್ಪನಿಗೆ. ಮುಂದಿನ ಅರ್ಧ ಗಂಟೆ ಇಬ್ಬರೂ ನೆಲದ ಮೇಲೆ ಮಂಡಿಯೂರಿ, ಒಬ್ಬ ಟವೆಲ್ ಹಿಂಡುತ್ತ ಇನ್ನೊಬ್ಬ ತಿರುಪು ಬಿಗಿಯುತ್ತ ಕಳೆದರು. ಹೋಗುವಾಗ ವೈರ್‌ಮನ್ ತಗ್ಗಿದ ದನಿಯಲ್ಲಿ, "ಯಾರಾದ್ರೂ ಕೇಳಿದ್ರೆ ನಾನು ಬಂದಿರಲಿಲ್ಲ. ನೀವು ಒಳ್ಳೇವ್ರು, ಹುಷಾರಾಗಿರಿ" ಅಂದ.

ಪೆಟ್ಟಿಗೆಯನ್ನು ಮತ್ತೆ ಚಾಲೂ ಮಾಡಿದರೆ ಪ್ರೋಗ್ರಾಮು ಬೆಳಗಿನದೆಲ್ಲ ಮರೆತುಬಿಟ್ಟಿತ್ತು. ಎಲ್ಲ ದೀಪಗಳೂ ಕಾಮನಬಿಲ್ಲು ಕುಣಿಯುತ್ತಿದ್ದವು. ಹೊರಗೆ ಬಿಸಿಲು ಇಳಿಯುತ್ತಿತ್ತು.

ಅದೇ ಹೊತ್ತಿಗೆ ಮಾವ ಮನೆಗೆ ಬಂದರು.

ಮಾವ, ಅಂದರೆ ಹೆಂಡತಿಯ ಅಪ್ಪ, ಒಂದು ಕಾಲದ ಫುಟ್‌ಬಾಲ್ ರೆಫರಿ. ಒಂದು ಪೀಪಿಯಿಂದ ಎರಡು ತಂಡಗಳ ಗಂಡಸರನ್ನು ನಡುಗಿಸಿದವರು. ಅತ್ತೆ ತೀರಿಕೊಂಡ ಮೇಲೆ ಮಗಳು ಕರೆತಂದು ಮುಂದಿನ ಕೋಣೆಯಲ್ಲಿ ಇಟ್ಟುಕೊಂಡಿದ್ದಳು. ಬೆಳಿಗ್ಗೆ ಗ್ರಂಥಾಲಯಕ್ಕೆ ಹೋದರೆ ಅಲ್ಲಿನ ಪತ್ರಿಕೆಗಳನ್ನೆಲ್ಲ ಮುಗಿಸಿ ಬರುವವರು. ಮನೆಯಲ್ಲಿ ಹೆಚ್ಚು ಮಾತಿಲ್ಲ. ಆ ಮೌನಕ್ಕೆ ಉಶ್ಶಪ್ಪ ಹೆದರುತ್ತಿದ್ದ. ತನಗೂ ಯಾವುದೋ ಕಾರ್ಡು ಅವರ ಜೇಬಿನಲ್ಲಿ ಕಾದಿದೆ ಅನಿಸುತ್ತಿತ್ತು.

"ಏನ್ ಅಳಿಯಂದ್ರೆ, ನೆಲದ ಮೇಲೆ?"

"ಏನಿಲ್ಲ ಮಾವ. ಈ ದೀಪಗಳನ್ನೆಲ್ಲ ಒಂದೇ ಹಸಿರು ಮಾಡ್ಬೇಕು. ಅವಳು ಹೇಳಿ ಹೋಗಿದ್ದಾಳೆ. ಪಾಠಕ್ಕೆ."

"ಮಾಡಿ ಮತ್ತೆ."

ಉಶ್ಶಪ್ಪನಿಗೆ ಆಗ ಹೊಳೆಯಿತು. ಬದುಕಿಡೀ ಯಾರ ಮುಲಾಜಿಲ್ಲದೆ ತೀರ್ಪು ಕೊಟ್ಟ ಕಣ್ಣು ಮನೆಯಲ್ಲೇ ಇದೆ. ತಾನು ಇಡೀ ಕಟ್ಟಡ ಹುಡುಕುತ್ತಿದ್ದೇನೆ.

"ಮಾಡ್ತೀನಿ ಮಾವ. ಆದ್ರೆ ಮಾಡಿದವನೇ ನೋಡಿದ್ರೆ ತನ್ನದೇ ಸರಿ ಅನ್ಸುತ್ತೆ. ಹೊರಗಿನ ಕಣ್ಣೊಂದು ಬೇಕು. ನೀವು ರೆಫರಿ ಆದ್ರೆ..."

ಮಾವ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಮುಖದಲ್ಲಿ ಏನೋ ಸುಳಿದು ಹೋಯಿತು. ಆಮೇಲೆ ಬೆನ್ನು ನೆಟ್ಟಗಾಯಿತು.

"ಕುರ್ಚಿ ಹಾಕಿ" ಎಂದರು.

ಉಶ್ಶಪ್ಪ ಹಸಿರಿನ ಅಂಕಿ ಕೊಟ್ಟು ಮೇಲಿನ ಫ್ಯಾನು ತೋರಿಸಿದ. "ಇದು ಮಾವ?"

"ನೀವೇನು ಕೊಟ್ಟಿದ್ದೀರ?"

"ಹಸಿರು ಕೊಟ್ಟಿದ್ದೀನಿ."

"ಹಸಿರೇ ಬಂದಿದೆ. ಮುಂದೆ."

ಎಂಥ ಖಚಿತ ಮನುಷ್ಯ, ಎಂದುಕೊಂಡ ಉಶ್ಶಪ್ಪ. "ಕೆಳಗಿನ ಫ್ಯಾನು?"

"ನಿಮ್ಮ ಅಭಿಪ್ರಾಯ?"

"ಅದು... ಸ್ವಲ್ಪ ಬೇರೆ ಇದೆಯೇನೋ."

"ಇದೆಯೇನೋ ಅನ್ನೋ ಮಾತಿಲ್ಲ. ಬೇರೆ ಇದೆ. ಬದಲಾಯಿಸಿ."

ಉಶ್ಶಪ್ಪ ಅಂಕಿ ಅದಲುಬದಲು ಮಾಡಿದ. "ಈಗ?"

"ಈಗ ಕಣ್ಣಿಗೆ ತಂಪಾಗಿದೆ."

ಪಂಪಿನ ಸರದಿ ಬಂತು. ಅದು ಒಳಗಿನ ನೀರಿನಿಂದಾಗಿ ಮಿಣುಕುತ್ತಿತ್ತು. ಮಾವ ಎದ್ದು ಎಡದಿಂದ ನೋಡಿದರು, ಬಲದಿಂದ ನೋಡಿದರು, ಒಂದು ಕಣ್ಣು ಮುಚ್ಚಿ ನೋಡಿದರು. ಚೆಂಡು ಗೆರೆ ದಾಟಿತೋ ಇಲ್ಲವೋ ಎಂದು ನೋಡುವ ಗಾಂಭೀರ್ಯ ಅದು. "ಇದಕ್ಕೂ ಬದಲಾಯಿಸಿ" ಎಂದರು. ಬದಲಾಯಿಸಿದ. "ಹಾಂ."

"ಪಕ್ಕಾ ಹಸಿರಾ ಮಾವ?"

"ಅಳಿಯಂದ್ರೆ, ನನ್ನ ತೀರ್ಮಾನಾನ ಎರಡನೇ ಸಲ ಕೇಳಿದವರನ್ನ ನಾನು ಮೈದಾನದಿಂದ ಆಚೆ ಕಳಿಸ್ತಿದ್ದೆ."

ಇಬ್ಬರೂ ನಕ್ಕರು. ಈ ಮನೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕದ್ದು ಉಶ್ಶಪ್ಪನಿಗೆ ನೆನಪಿರಲಿಲ್ಲ. ಅವನು ಟೀ ಮಾಡಿ ತಂದ. ಮಾವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಪೆಟ್ಟಿಗೆಯನ್ನೇ ನೋಡುತ್ತ ಹೇಳಿದರು: "ಇವಳಮ್ಮ ಹೋದ ಮೇಲೆ ನನ್ನನ್ನ ಯಾರೂ ಏನೂ ಕೇಳಿಲ್ಲ ನೋಡಿ. ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಇಷ್ಟೇ. ಇದು ಸರಿಯೋ ತಪ್ಪೋ ಅಂತ ಯಾರೂ ಕೇಳಿಲ್ಲ."

ಉಶ್ಶಪ್ಪ ಮೆಮೊರಿ ಪಟ್ಟಿಯ ಕಡೆ ಬೆರಳು ತೋರಿಸಿ, "ಇದು ಸರಿಯೋ ತಪ್ಪೋ ಮಾವ?" ಅಂದ.

"ಸರಿ" ಎಂದರು ಮಾವ, ಬಹಳ ಮೃದುವಾಗಿ.

ಹೆಂಡತಿ ಬಂದಾಗ ಪಾಠಕ್ಕೆ ಮುಖ ತೊಳೆಯುವಷ್ಟೇ ಹೊತ್ತು ಉಳಿದಿತ್ತು. ಅಂಗಡಿಯಲ್ಲಿ ಯಾರೋ ಹೊರಡುವ ಹೊತ್ತಿಗೆ ಇಡೀ ಬಂಗಲೆಗೆ ಬಣ್ಣ ಕೇಳಿಕೊಂಡು ಬಂದಿದ್ದರಂತೆ. ಓಡಿಬಂದವಳು ಹೊಸ್ತಿಲಲ್ಲಿ ನಿಂತಳು. ಪೆಟ್ಟಿಗೆಯನ್ನು ನೋಡಿದಳು. ಹುಬ್ಬು ಸ್ವಲ್ಪ ಮೇಲಕ್ಕೆ ಹೋಗಿ ಅಲ್ಲೇ ಉಳಿಯಿತು.

"ನೋಡು" ಎಂದರು ಮಾವ, ಕುರ್ಚಿಯಿಂದ ಎದ್ದು ನಿಂತು. "ಒಂದೊಂದನ್ನೂ ನಾನೇ ಪಾಸು ಮಾಡಿದ್ದು. ಎಲ್ಲಾ ಒಂದೇ ಹಸಿರು. ಅಲ್ವಾ ಅಳಿಯಂದ್ರೆ?"

"ಹೌದು ಮಾವ" ಎಂದ ಉಶ್ಶಪ್ಪ.

ಅವಳು ಅಪ್ಪನ ಮುಖ ನೋಡಿದಳು. ಗಂಡನ ಮುಖ ನೋಡಿದಳು. "ತುಂಬಾ ಚೆನ್ನಾಗಿದೆ ಅಪ್ಪ" ಅಂದವಳೇ ಮುಖ ತೊಳೆಯಲು ಹೋದಳು.

ಪಾಠ ಶುರುವಾಯಿತು. ಆ ಕಡೆಯವರ ಮಾತು ಅವಳ ಇಯರ್‌ಫೋನಿಗೆ ಮಾತ್ರ ಕೇಳುತ್ತಿತ್ತು. ಇವಳ ದನಿಯನ್ನು ಉಶ್ಶಪ್ಪ ಮೂಲೆಯಲ್ಲಿ ಕೂತು ಹೆಡ್‌ಫೋನಿನಲ್ಲಿ ಕಾಯುತ್ತಿದ್ದ. ಆ ಕಡೆಯವರು ಮೊದಲೇ ಏನೋ ಕೇಳಿದಂತಿತ್ತು. ಅವಳು ಒಮ್ಮೆ ಹಿಂದಕ್ಕೆ ತಿರುಗಿ ನೋಡಿ, "ಅದಾ, ಬೇಕಂತಲೇ ಇಟ್ಟಿದ್ದು" ಎಂದಳು. "ಹಸಿರಿನ ಬಗ್ಗೆ ಹೇಳ್ತೀನಿ ಅಂದಿದ್ದೆ. ಆದ್ರೆ ಹಸಿರು ಒಂದೇ ಯಾರ ಮನೇಲೂ ಇರಲ್ಲ. ಒಬ್ಬರಿಗೊಂದು ಇಷ್ಟ, ಇನ್ನೊಬ್ಬರಿಗೊಂದು. ಒಂದಕ್ಕೊಂದು ಆಗದ ಬಣ್ಣಗಳು ಒಂದೇ ಕೋಣೇಲಿ ಜಗಳ ಆಡದೆ ಇರೋದು ಹೇಗೆ, ಅದನ್ನ ನೋಡೋಣ."

ಮೊದಲ ವಾಕ್ಯದಲ್ಲಿ ಅವಳ ದನಿ ಎಡವಿದ್ದನ್ನು ಉಶ್ಶಪ್ಪ ಕೇಳಿಸಿಕೊಂಡ. ಎರಡನೆಯದರಲ್ಲಿ ಅದಕ್ಕೆ ನೆಲ ಸಿಕ್ಕಿತು. ಆಮೇಲೆ ಅದು ನಡೆಯಿತು, ಓಡಿತು. ದೀಪಗಳ ಹಸಿರಿಗೂ ಗೋಡೆಯ ತಿಳಿಬಣ್ಣಕ್ಕೂ ಆಗದ್ದನ್ನು ಹೇಳುತ್ತಿರಬೇಕು ಎಂದುಕೊಂಡ. ಆ ದನಿಯಿಂದ ಕತ್ತರಿಸಿ ತೆಗೆಯುವಂಥದ್ದು ಒಂದೂ ಇರಲಿಲ್ಲ. ಹೆಡ್‌ಫೋನಿನ ಕೆಳಗೆ ಅವನ ಕಿವಿ ಬಿಸಿಯಾಗಿ, ಮೈಯೆಲ್ಲ ಹಗುರಾಯಿತು. ದಿನ ದಾಟಿತು. ಗುಟ್ಟು ಉಳಿಯಿತು.

ಮುಗಿದ ಮೇಲೆ ಅವಳು ಅವನ ಮುಂಗೈ ಹಿಡಿದು ಅಡುಗೆಮನೆಗೆ ಕರೆದೊಯ್ದಳು. ಬಾಗಿಲು ಮುಚ್ಚಿದಳು. ನಲ್ಲಿ ಬಿಟ್ಟಳು, ಮಾತು ಆಚೆ ಕೇಳಬಾರದೆಂದು.

"ರೀ. ಮೇಲಿನ ಫ್ಯಾನು ಕೆಂಪು. ಕೆಳಗಿನ ಫ್ಯಾನೂ ಕೆಂಪು. ಮಿಕ್ಕಿದ್ದು ಹಸಿರು. ಕಲ್ಲಂಗಡಿ ಹಣ್ಣು ಕೊಯ್ದಿಟ್ಟ ಹಾಗಿದೆ."

ಉಶ್ಶಪ್ಪ ಮುಚ್ಚಿದ ಬಾಗಿಲ ಕಡೆ ನೋಡಿದ. "ಆದ್ರೆ ಮಾವ..."

"ಅಪ್ಪನಿಗೆ ಕೆಂಪೂ ಹಸಿರೂ ಒಂದೇ ರೀ. ಹುಟ್ಟಿನಿಂದ."

ನಲ್ಲಿ ಸುರಿಯುತ್ತಲೇ ಇತ್ತು.

"ಮೈದಾನಕ್ಕೆ ಒಂದು ತಂಡ ಕೆಂಪು, ಒಂದು ತಂಡ ಹಸಿರು ಹಾಕ್ಕೊಂಡು ಬಂತು ಅನ್ನಿ, ಅಪ್ಪ ಒಂದು ಕಡೆಯವರಿಗೆ ತೋಳು ಮಡಚಿಕೊಳ್ಳಿ ಅನ್ನೋರು. ಏನು ಶಿಸ್ತಪ್ಪ ಈ ಮನುಷ್ಯಂದು ಅಂತ ಎಲ್ಲರೂ ಹೊಗಳೋರು. ಶಿಸ್ತಲ್ಲ. ಯಾರು ಯಾವ ಕಡೆಯವರು ಅಂತ ತಿಳಿಯೋಕೆ." ಅವಳು ನಕ್ಕಳು, ನಗು ಅರ್ಧಕ್ಕೆ ನಿಂತಿತು. "ಅಮ್ಮನಿಗೆ ಮದುವೆಯಾದ ಹೊಸದರಲ್ಲೇ ಗೊತ್ತಾಗಿತ್ತು. ಕೊನೇವರೆಗೂ ಗೊತ್ತಿಲ್ಲದ ಹಾಗೇ ಇದ್ಲು. ನನಗೆ ಹೇಳಿಹೋದ್ಲು. ನಮಗೆ ಗೊತ್ತು ಅಂತ ಅವರಿಗೆ ಗೊತ್ತಿಲ್ಲ."

ಹೇಳುವುದಾದರೆ ಇದೇ ಹೊತ್ತು, ಎಂದುಕೊಂಡ ಉಶ್ಶಪ್ಪ. ಕಾಣದ ಕಣ್ಣನ್ನು ಇಷ್ಟು ಪ್ರೀತಿಯಿಂದ ಮುಚ್ಚಿಟ್ಟುಕೊಂಡು ಬಂದ ಮನೆಯವಳು, ತನ್ನನ್ನು ಬಿಟ್ಟಾಳೆಯೇ? ಸುಮ್ಮನೆ ಒಂದು ವರ್ಷ ಹೆದರಿದೆ. ಅವನು ಉಸಿರೆಳೆದುಕೊಂಡ. "ನೋಡು, ನಾನೂ..."

"ಗೊತ್ತು" ಎಂದಳು ಅವಳು.

ಅವನ ಕೈ ತಾನಾಗೇ ಅಂಗಿಯ ಮಧ್ಯದ ಗುಂಡಿಯ ಮೇಲೆ ಹೋಯಿತು.

"ನೀವೂ ನೋಡಿದ್ರಿ ಅಂತ ಗೊತ್ತು. ಎದುರಿಗೇ ಕೆಂಪು ಉರೀತಿದೆ, ಅಪ್ಪ ಹಸಿರು ಅಂತಿದ್ದಾರೆ, ನೀವು ಕಣ್ಣು ಮಿಟುಕಿಸದೆ 'ಹೌದು ಮಾವ' ಅಂದ್ರಿ. ನನ್ನ ಪಾಠ ಹಾಳಾದ್ರೂ ಆಗ್ಲಿ, ಅವರ ಮನಸ್ಸು ನೋಯಬಾರದು ಅಂತ. ಹೊಸ್ತಿಲಲ್ಲಿ ನಿಂತು ನೋಡಿದಾಗ ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಿಮ್ಮ ಮುಖ ನೋಡ್ದೆ ನೋಡಿ..." ಅವಳ ಕಣ್ಣು ತುಂಬಿತ್ತು. "ಅಮ್ಮ ಹೋದಾಗಿಂದ ಇದನ್ನ ಒಬ್ಬಳೇ ಹೊತ್ಕೊಂಡು ಓಡಾಡ್ತಿದ್ದೀನಿ. ಮನೇಲಿ ಇನ್ನೊಂದು ಜೊತೆ ಸರಿಯಾದ ಕಣ್ಣಿದೆ ಅನ್ನೋದೇ ಎಷ್ಟು ನೆಮ್ಮದಿ ಗೊತ್ತಾ ನಿಮಗೆ?"

ಹಾಗೆಂದು ಹಣೆಯನ್ನು ಅವನ ಕುತ್ತಿಗೆಯ ಬುಡಕ್ಕೆ ಒತ್ತಿ ನಿಂತಳು. ಸತ್ಯ ಗಂಟಲವರೆಗೂ ಬಂದಿತ್ತು. ಅಲ್ಲಿ ಅವಳ ತಲೆ ಇದ್ದುದರಿಂದ, ದಾರಿ ಬಿಡಿ ಎಂದು ಕೇಳಲು ನಾಚಿ, ಬಂದ ದಾರಿಯಲ್ಲೇ ಹಿಂದಿರುಗಿತು.

"ಮುಂದಿನ ವಾರಾನೂ ಪಾಠ ಇದೆ" ಎಂದಳು ಮೂಗು ಒರೆಸಿಕೊಳ್ಳುತ್ತ. "ಅವರಿಗೆ ಆ ಎರಡು ಬಣ್ಣ ಬಹಳ ಹಿಡಿಸಿತಂತೆ, ಹಿಂದುಗಡೆ ಅದೇ ಇರಲಿ ಅಂದ್ರು. ಕೆಂಪನ್ನ ಮಾತ್ರ ಸ್ವಲ್ಪ ಇಟ್ಟಿಗೆ ಕಡೆಗೆ ತನ್ನಿ, ಹಸಿರನ್ನ ಇನ್ನೂ ಎಳೇದು ಮಾಡಿ. ನಾನು ನೋಡೋದೇ ಬೇಡ. ನಿಮಗೆ ಸರಿ ಅನ್ಸಿದ್ರೆ ಸಾಕು."

"ಹೂಂ" ಎಂದ ಉಶ್ಶಪ್ಪ. ಅವನ ದನಿ ಅವನಿಗೇ ಕೇಳಿಸಲಿಲ್ಲ.

ಮುಂದಿನ ಕೋಣೆಯಿಂದ ಮಾವ ಕರೆದರು. "ಮಗಳೇ, ಬಿಡುವಿದ್ರೆ ಬಂದು ಹೋಗು."

ಅವಳು ಹೊರಟವಳು ನಿಂತಳು. ಏನೋ ನೆನಪಾದಂತೆ ನಕ್ಕು, ಅವನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಬಾಗಿಲ ಕಡೆ ತಳ್ಳಿದಳು. "ನಾಳೆ ಅಪ್ಪನ ಹಳೇ ಆಟಗಾರರೆಲ್ಲ ಸೇರ್ತಿದ್ದಾರೆ. ಎಲ್ಲರೂ ಹಸಿರು ಅಂಗಿ ಹಾಕ್ಕೊಂಡು ಬರಬೇಕಂತೆ. ಯಾವುದು ಅಂತ ಅವರು ನೇರವಾಗಿ ಕೇಳಲ್ಲ. ನೀವೇ ಮಾತಿನ ಮಧ್ಯೆ ಗೊತ್ತಾಗದ ಹಾಗೆ ತೆಗೆದುಕೊಡಬೇಕು. ಅಮ್ಮನಿಂದ ನನಗೆ ಬಂದ ಕೆಲಸ ಇದು. ಇನ್ಮೇಲೆ ನಿಮ್ಮದು."

ಮುಂದಿನ ಕೋಣೆಯಲ್ಲಿ ಮಾವ ಮಂಚದ ಮೇಲೆ ಎರಡು ಅಂಗಿ ಹಾಸಿಕೊಂಡು ನಿಂತಿದ್ದರು. ಮಗಳ ಬದಲು ಅಳಿಯ ಬಂದದ್ದು ನೋಡಿ ಅವರ ಮುಖ ಅರಳಿತು.

"ನೀವೇ ಬಂದದ್ದು ಒಳ್ಳೇದಾಯ್ತು ಅಳಿಯಂದ್ರೆ. ಎರಡೂ ಚೆನ್ನಾಗಿದೆ. ಯಾವುದು ಹಾಕ್ಕೊಳ್ಳೋದು ಅಂತ."

ಉಶ್ಶಪ್ಪ ನೋಡಿದ. ಎರಡಕ್ಕೂ ಉದ್ದ ತೋಳು. ಎರಡಕ್ಕೂ ಒಂದೇ ಥರದ ಕಾಲರು. ಎರಡೂ ಹಳೆಯ ರಟ್ಟಿನ ಬಣ್ಣ.

"ಬೆಳಕಿಗೆ ಹೋಗೋಣ ಮಾವ" ಎಂದ.

"ಅದೇ ಸರಿ" ಎಂದರು ಮಾವ.

ಅಡುಗೆಮನೆಯಲ್ಲಿ ಹೆಂಡತಿ, ಬಹಳ ದಿನದ ಹೊರೆ ಇಳಿಸಿದವಳಂತೆ, ಏನನ್ನೋ ಗುನುಗುತ್ತ ಪಾತ್ರೆ ತೊಳೆಯುತ್ತಿದ್ದಳು. ಇತ್ತ ಅಳಿಯ ಒಂದು ಅಂಗಿ, ಮಾವ ಒಂದು ಅಂಗಿ ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ, ಸಂಜೆಯ ಕೊನೆಯ ಬೆಳಕಿಗೆ ಎರಡನ್ನೂ ಹಿಡಿದು, ಬಹಳ ತಿಳಿದವರ ಹಾಗೆ ತಲೆದೂಗುತ್ತ ನಿಂತರು.